ಭಕ್ತಪುರದಲ್ಲಿ ಕಂಡ ಓರೆ ಕೊಕ್ಕೆ

ಜೂಜುವಾಡಿ, ಹೊರಡುವ ಮುನ್ನ

ಪರದೇಶಕ್ಕೆ ಹೋಗಿ ಬಂದವರು ಬೆಟ್ಟ, ಹಿಮ, ಸಮುದ್ರದ ಬಗ್ಗೆ ಬರೆಯುತ್ತಾರೆ. ನಾನು ನೇಪಾಳಕ್ಕೆ ಹೋಗಿ ನೋಡಿದ್ದು ಮುಖ್ಯವಾಗಿ ಪಿಲ್ಲರುಗಳನ್ನು. ಹಿಮಾಲಯವೂ ಇತ್ತು, ಅವುಗಳ ಹಿಂದುಗಡೆ.

ನಾನು ಕಂಬಿ ಮೇಸ್ತ್ರಿ. ಹೊಸೂರಿನ ಸುತ್ತಮುತ್ತ ಮನೆ ಕಟ್ಟುವವರಿಗೆ ಕಂಬಿ ಕತ್ತರಿಸಿ, ಬಗ್ಗಿಸಿ, ಕಟ್ಟಿಕೊಡುವುದು ನನ್ನ ಕೆಲಸ. ಇಪ್ಪತ್ತೆಂಟು ವರ್ಷದಿಂದ ಇದನ್ನು ಬಿಟ್ಟು ಬೇರೆ ಮಾಡಿಲ್ಲ. ಬೇರಿಕೆಯಲ್ಲಿರುವ ನನ್ನ ಸ್ವಂತ ಮನೆಗೆ ಇಂಜಿನಿಯರು ಹೇಳಿದ್ದಕ್ಕಿಂತ ದಪ್ಪ ಕಂಬಿ ಹಾಕಿದೆ. ಮಾಳಿಗೆಯ ಮೇಲೆ ಕಾಂಕ್ರೀಟಿನದೇ ದೊಡ್ಡ ನೀರಿನ ಟ್ಯಾಂಕು ಕಟ್ಟಿಸಿದೆ. ಯಾರಾದರೂ ನಮ್ಮ ಮನೆ ಕೇಳಿದರೆ ಬೀದಿಯವರು ಆ ಟ್ಯಾಂಕು ತೋರಿಸುತ್ತಾರೆ. ಜವಳಗಿರಿ ಕಾಡಿನ ಆನೆ ಬಂದು ಮೈ ಉಜ್ಜಿದರೂ ಈ ಮನೆ ಅಲ್ಲಾಡಲ್ಲ ಎಂದು ನಾನು ಹತ್ತಾರು ಜನರ ಮುಂದೆ ಹೇಳಿಕೊಂಡಿದ್ದುಂಟು.

ಈಗ ಮಗಳು ಲತಾ ಜೂಜುವಾಡಿಯಲ್ಲಿ ಮನೆ ಕಟ್ಟಿಸುತ್ತಿದ್ದಾಳೆ. ಅಳಿಯನಿಗೆ ಎರಡು ಟೆಂಪೋ ಇವೆ, ಅವು ನಿಲ್ಲಬೇಕು. ಹಾಗಾಗಿ ಕೆಳಗೆ ಗೋಡೆಯೇ ಇಲ್ಲ, ಬರೀ ಹನ್ನೆರಡು ಪಿಲ್ಲರು. ಅದರ ಮೇಲೆ ಎರಡು ಅಂತಸ್ತು. ಮಗಳ ಮನೆಯ ಕೆಲಸ ಎಂದು ಅಷ್ಟೂ ಪಿಲ್ಲರಿನ ಕಂಬಿಯನ್ನು ನಾನೇ ನಿಂತು ಕಟ್ಟಿಸಿದ್ದೆ. ಕಾಂಕ್ರೀಟು ಹಾಕಲು ಶುಕ್ರವಾರ ದಿನ ಚೆನ್ನಾಗಿತ್ತು. ಆದರೆ ಹೆಂಡತಿ ಸರೋಜ ನೇಪಾಳದ ಮುಕ್ತಿನಾಥಕ್ಕೆ ಹರಕೆ ಹೊತ್ತು ಆರು ವರ್ಷವಾಗಿತ್ತು, ಟೂರಿನವರ ದಿನವೂ ಅದೇ ವಾರ ಬಂತು.

ನನ್ನ ಬಲಗೈ ಮುರುಗೇಶ ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿದ, "ನೀ ಪೋಯ್ಟ್ ವಾ ಅಣ್ಣೇ, ಸಾಮಿ ನೋಡ್ಕೊಂಡ್ ಬಾ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಪೂಜೆ, ಏಳೂಕಾಲಿಗೆ ಮಿಕ್ಸರ್ ಓಡುತ್ತೆ. ನಂಗೇನ್ ಹೊಸದಾ?"

ಅವನಿಗೆ ಹೊಸದಲ್ಲ. ಹದಿನಾರು ವರ್ಷದಿಂದ ನನ್ನ ಜೊತೆಗಿದ್ದಾನೆ, ನಾನು ಬಗ್ಗಿಸಿದಂತೆಯೇ ಬಗ್ಗಿಸುತ್ತಾನೆ.

ಭಕ್ತಪುರ, ಬುಧವಾರ

ಮುಕ್ತಿನಾಥಕ್ಕೆ ಹೋಗುವ ಪೋಖರಾ ದಾರಿಯಲ್ಲಿ ಗುಡ್ಡ ಜರಿದಿದೆ, ಮೂರು ದಿನ ಕಾಯಬೇಕು ಎಂದು ಟೂರಿನವನು ನಮ್ಮನ್ನು ಕಾಠ್ಮಂಡುವಿನ ಪಕ್ಕದ ಭಕ್ತಪುರದಲ್ಲಿ ಒಂದು ಲಾಡ್ಜಿಗೆ ಇಳಿಸಿದ. ಊರೆಲ್ಲ ಕೆಂಪು ಇಟ್ಟಿಗೆ, ಕುಸುರಿಯ ಮರದ ಕಿಟಕಿ. ಅಂಗಳದಲ್ಲಿ ಹೆಂಗಸರು ಮೆಣಸಿನಕಾಯಿ ಒಣಗಿಸುತ್ತಿದ್ದರು. ಎರಡು ಹೊತ್ತೂ ಅನ್ನ, ಬೇಳೆ, ಸಾಸಿವೆ ಸೊಪ್ಪು. ಮೂರನೇ ಊಟಕ್ಕೆ ಮುದ್ದೆ ನೆನಪಾಗಿ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಟೂರಿನವನ ಮೇಲೆ ತೀರಿಸಿಕೊಂಡೆ.

ಇನ್ನೊಂದು ವಿಚಿತ್ರ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಅರ್ಧ ಗಂಟೆಯೂ ಅಲ್ಲ, ಒಂದು ಗಂಟೆಯೂ ಅಲ್ಲ. ಮೊದಲ ದಿನ ನಾನು ಹೊಸೂರಿನ ಟೈಮಿಗೆ ತಿಂಡಿಗೆ ಹೋದರೆ ಪಾತ್ರೆ ತೊಳೆಯುತ್ತಿದ್ದರು.

"ಕಾಲು ಗಂಟೆಗೋಸ್ಕರ ಒಂದ್ ದೇಶ ಮಾಡ್ಕೊಂಡವ್ರೆ ನೋಡಿ," ಎಂದಳು ಸರೋಜ. ನಾನು ವಾಚು ತಿರುಗಿಸಿಕೊಂಡೆ. ಅವಳು ತಿರುಗಿಸಿಕೊಳ್ಳಲಿಲ್ಲ.

ಜೊತೆಯವರು ದೇವಸ್ಥಾನಗಳಿಗೆ ಹೊರಟರು. ಲಾಡ್ಜಿನ ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿತ್ತು, ನನ್ನ ಕಾಲು ಅಲ್ಲಿಗೆ ಹೋಯಿತು.

"ಊರಿಗೊಂದ್ ದಾರಿ ಆದ್ರೆ ಯಡವಟ್ಟನ್ಗೇ ಒಂದ್ ದಾರಿ," ಎಂದು ಸರೋಜ ಸೆರಗು ಸಿಕ್ಕಿಸಿಕೊಂಡು ಹೊರಟುಹೋದಳು.

ಸೈಟಿನಲ್ಲಿ ನನ್ನಷ್ಟೇ ವಯಸ್ಸಿನವನೊಬ್ಬ ಕೂತು ರಿಂಗು ಬಗ್ಗಿಸುತ್ತಿದ್ದ. ತಿಳಿಯದವರಿಗೆ ಒಂದು ಮಾತು. ಪಿಲ್ಲರಿನೊಳಗೆ ಉದ್ದಕ್ಕೆ ನಿಂತ ಕಂಬಿಗಳನ್ನು ಸುತ್ತ ಅಪ್ಪಿ ಹಿಡಿಯುವ ಚೌಕಕ್ಕೆ ರಿಂಗು ಅನ್ನುತ್ತೇವೆ. ರಿಂಗಿನ ಎರಡು ತುದಿಗಳು ಒಂದು ಮೂಲೆಯಲ್ಲಿ ಸೇರುತ್ತವೆ, ಅಲ್ಲಿ ಕೊಕ್ಕೆ. ನಾವು ಆ ತುದಿಯನ್ನು ಮೂಲೆಯ ಕಂಬಿಗೆ ಸುತ್ತಿ ಪಕ್ಕದ ಬದಿಗೇ ಒರಗಿಸಿ ಬಿಡುತ್ತೇವೆ, ನೇರವಾಗಿ. ಈ ಮನುಷ್ಯ ಇನ್ನಷ್ಟು ಬಗ್ಗಿಸಿ ತುದಿಯನ್ನು ಪಿಲ್ಲರಿನ ಹೊಟ್ಟೆಯೊಳಕ್ಕೆ ಓರೆಯಾಗಿ ಚುಚ್ಚುತ್ತಿದ್ದ. ಬಾಲವನ್ನೂ ನಮಗಿಂತ ನಾಲ್ಕು ಬೆರಳು ಉದ್ದ ಬಿಡುತ್ತಿದ್ದ. ಒಂದೊಂದಕ್ಕೂ ಎರಡರಷ್ಟು ಹೊತ್ತು.

ಹೊಸೂರಿನಲ್ಲಿ ಬಿಹಾರದ ಹುಡುಗರ ಜೊತೆ ಕೆಲಸ ಮಾಡಿ ನನಗೆ ಸೈಟಿನ ಹಿಂದಿ ಬರುತ್ತದೆ. ಅವನಿಗೂ ಅಷ್ಟೇ ಹಿಂದಿ. ನಮ್ಮ ಮಾತನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಯಾಕೆ ಇಷ್ಟು ಕಬ್ಬಿಣ ದಂಡ ಮಾಡ್ತೀಯ?" ಎಂದೆ.

"ನೀನೂ ಕಂಬಿ ಕೆಲಸದವನಾ?" ಎಂದ ಅವನು, ತಲೆ ಎತ್ತದೆ.

"ಇಪ್ಪತ್ತೆಂಟು ವರ್ಷ."

"ಹಾಗಾದ್ರೆ ನೀನು ಹೇಗೆ ಬಗ್ಗಿಸ್ತೀಯ, ತೋರಿಸು."

ನಾನು ಪಂಚೆ ಎತ್ತಿ ಕಟ್ಟಿ ಕೂತು ಒಂದು ಬಗ್ಗಿಸಿದೆ. ಮೂರೇ ಎಳೆತ. ಅವನು ಅದನ್ನು ತಿರುಗಿಸಿ ನೋಡಿದ, ಚೆನ್ನಾಗಿದೆ ಎಂದ, ಎದ್ದು ಹೋಗಿ ಗುಜರಿಯ ರಾಶಿಗೆ ಎಸೆದು ಬಂದ.

ನನಗೆ ಮೈಯೆಲ್ಲ ಉರಿಯಿತು. ಮಗಳ ಮನೆಯ ಹನ್ನೆರಡು ಪಿಲ್ಲರಿಗೂ ಅದೇ ರಿಂಗು ಹಾಕಿ ಬಂದಿದ್ದೆನಲ್ಲ.

ಅದೇ ದಿನ ಮಧ್ಯಾಹ್ನ

ಅವನ ಹೆಸರು ಗಣೇಶ. ಅಲ್ಲಿ ಅಣ್ಣನಿಗೆ ದಾಯಿ ಅನ್ನುತ್ತಾರೆ, ಎಲ್ಲರೂ ಗಣೇಶ ದಾಯಿ ಎಂದೇ ಕರೆಯುತ್ತಿದ್ದರು. ಸಿಟ್ಟು ಮಾಡಿಕೊಂಡು ಹೋದವನು ಊಟವಾದ ಮೇಲೆ ಮತ್ತೆ ಹೋದೆ. ಕುತೂಹಲಕ್ಕೆ ಮಾನವಿಲ್ಲ.

ನನ್ನನ್ನು ಕಂಡು ಅವನು ಒಂದು ಹಲಗೆಯ ಮೇಲೆ ಆರು ಇಟ್ಟಿಗೆ ಒಂದರ ಮೇಲೊಂದು ನಿಲ್ಲಿಸಿದ. ಹಲಗೆಯನ್ನು ದಡಕ್ಕನೆ ತನ್ನ ಕಡೆಗೆ ಎಳೆದ. ಇಟ್ಟಿಗೆಗಳು ಹಿಂದಕ್ಕೆ ಬಿದ್ದವು.

"ಇಟ್ಟಿಗೆಯನ್ನು ಯಾರು ತಳ್ಳಿದರು?"

"ಯಾರೂ ಇಲ್ಲ. ನೀನು ಹಲಗೆ ಎಳೆದೆ."

"ಭೂಕಂಪ ಅಷ್ಟೇ. ಮನೆಯನ್ನು ಯಾರೂ ತಳ್ಳೋದಿಲ್ಲ. ನೆಲ ಅತ್ತ ಹೋಗುತ್ತೆ, ಮನೆ ಇದ್ದಲ್ಲೇ ಇರ್ತೀನಿ ಅನ್ನುತ್ತೆ."

ನನಗೆ ಹೊಸೂರು ಬಸ್ ಸ್ಟ್ಯಾಂಡು ನೆನಪಾಯಿತು. ಡ್ರೈವರು ಹೇಳದೆ ಕೇಳದೆ ಬಸ್ಸು ಬಿಟ್ಟರೆ ನಿಂತವರೆಲ್ಲ ಹಿಂದಿನವರ ಮೇಲೆ ಬೀಳುತ್ತಾರೆ, ತಲೆ ಮೇಲೆ ಮೂಟೆ ಹೊತ್ತವನು ಎಲ್ಲರಿಗಿಂತ ಮೊದಲು. ಅದನ್ನು ಹೇಳಿದೆ. ಗಣೇಶ ದಾಯಿ ಮೊದಲ ಸಲ ನಕ್ಕ.

"ಅದೇ. ಎಷ್ಟು ಭಾರವೋ ಅಷ್ಟು ಎಳೆತ. ಗಾಳಿಗೆ ಭಾರದ ಮನೆ ಒಳ್ಳೇದು, ಭೂಕಂಪಕ್ಕೆ ಹಗುರದ್ದು ಒಳ್ಳೇದು. ಅದರಲ್ಲೂ ತಲೆ ಮೇಲೆ ಭಾರ ಇರಬಾರದು."

ನಾನು ಇಷ್ಟು ವರ್ಷ ಮನೆಯ ಭಾರವೆಲ್ಲ ಕೆಳಕ್ಕೆ ಇಳಿಯುತ್ತದೆ ಎಂದಷ್ಟೇ ತಿಳಿದಿದ್ದೆ. ಅಡ್ಡಡ್ಡ ಎಳೆಯುತ್ತದೆ ಎನ್ನುವುದು ತಲೆಗೇ ಹೊಳೆದಿರಲಿಲ್ಲ. ಫೋನಿನಲ್ಲಿ ಮಗಳ ಮನೆಯ ಫೋಟೋ ತೋರಿಸಿ, ಇದರ ಮೇಲೆ ಎರಡು ಅಂತಸ್ತು ಬರುತ್ತದೆ ಎಂದೆ. ಅವನು ಬೆರಳಲ್ಲಿ ಹಿಗ್ಗಿಸಿ ಬಹಳ ಹೊತ್ತು ನೋಡಿದ.

"ಕೆಳಗೆ ಗೋಡೆ ಬರಲ್ವಾ?"

"ಟೆಂಪೋ ನಿಲ್ಲಬೇಕು."

"ಮೇಲೆ ಎರಡು ಪೆಟ್ಟಿಗೆ, ಕೆಳಗೆ ಬರೀ ಕಾಲು. ಅಲ್ಲಾಡಿದಾಗ ಬಾಗೋದೆಲ್ಲ ಈ ಕಾಲುಗಳೇ. ಹೀಗಿರುವಾಗ ರಿಂಗು ನೇರಕ್ಕೆ ಬಗ್ಗಿಸಿದೀಯಾ?"

ನಾನು ಫೋನು ಕಿತ್ತುಕೊಂಡೆ. ನಮ್ಮೂರಲ್ಲಿ ಇದೆಲ್ಲ ಬರಲ್ಲ ಎಂದೆ. ಆಮೇಲೆ ನೆನಪಾಯಿತು, ನಮ್ಮ ಇಂಜಿನಿಯರ ಡ್ರಾಯಿಂಗಿನ ಮೂಲೆಯಲ್ಲೂ ರಿಂಗಿನ ಚಿತ್ರ ಇರುತ್ತದೆ, ಅದರಲ್ಲೂ ಕೊಕ್ಕೆ ಓರೆ. ಬರೆಯುವವರ ಕೈ ಓರೆ ಎಂದು ನಾನೂ ಮುರುಗೇಶನೂ ನಗುತ್ತಿದ್ದೆವು. ನೇರ ಕೊಕ್ಕೆಯಾದರೆ ರಿಂಗು ಸಲೀಸಾಗಿ ಜಾರಿ ಕೂರುತ್ತದೆ, ಕಾಂಕ್ರೀಟಿಗೂ ಅಡ್ಡ ಬರುವುದಿಲ್ಲ. ಒಬ್ಬ ಇಂಜಿನಿಯರೂ ನನಗೆ ಬಿಚ್ಚು ಅಂದದ್ದಿಲ್ಲ.

ಗುರುವಾರ, ಸೋಪಿನ ಸಮೇತ

ಮಾರನೇ ದಿನ ಹನ್ನೊಂದು ಗಂಟೆಗೆ ಸ್ನಾನ ಮಾಡುತ್ತಿದ್ದೆ. ಬಕೆಟ್ಟಿನ ನೀರು ತಾನಾಗಿ ತುಳುಕಿತು. ಲಾರಿ ಹೋಯಿತು ಎಂದುಕೊಂಡೆ, ಜೂಜುವಾಡಿಯಲ್ಲಿ ದಿನಾ ಹೀಗೇ. ಆಮೇಲೆ ಗೋಡೆ ನನ್ನ ಕಡೆಗೆ ಬಂದಂತಾಗಿ ಹಿಂದಕ್ಕೆ ಹೋಯಿತು.

ನಾನು ಹೇಗೆ ಹೊರಗೆ ಬಂದೆನೋ ತಿಳಿಯದು. ಬೀದಿಯಲ್ಲಿ ಟವೆಲು ಸುತ್ತಿಕೊಂಡು, ಮೈಯೆಲ್ಲ ಸೋಪು, ಕೈಯಲ್ಲಿ ಚೊಂಬು. ಊರಿನವರು ಬಾಗಿಲುಗಳಿಂದ ಸಾವಧಾನವಾಗಿ ಬಂದು ಅಂಗಳದ ನಡುವೆ ನಿಂತಿದ್ದರು. ಲಾಡ್ಜಿನ ಒಡತಿ ಮೇಲೆ ಕರೆಂಟು ತಂತಿ ತೂಗುವುದನ್ನು ನೋಡುತ್ತಿದ್ದಳು. ಅದು ನಿಂತ ಮೇಲೆ ಎಲ್ಲರೂ ಒಳಗೆ ಹೋದರು. ಒಬ್ಬ ಮುದುಕ ಹೋಗುವಾಗ ನನ್ನ ಚೊಂಬು ನೋಡಿ ಕೈ ಮುಗಿದ.

"ಅಭಿಷೇಕಕ್ಕೆ ಬಂದವ್ರೆ ಅಂದ್ಕೊಂಡಿರ್ಬೇಕು," ಎಂದಳು ಸರೋಜ.

ಒಡತಿ ಅವಳನ್ನು ಅಡುಗೆಮನೆಗೆ ಕರೆದು ಟೀ ಕೊಟ್ಟಳು. ಅಲ್ಲಿ ಭಾರದ ಪಾತ್ರೆಗಳೆಲ್ಲ ನೆಲದ ಮೇಲಿದ್ದವಂತೆ, ಬೀರುವನ್ನು ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದರಂತೆ. ಮಂಚದ ಮೇಲುಗಡೆ ಏನೂ ಇಡುವುದಿಲ್ಲವಂತೆ. ಸರೋಜ ಬಂದು ಒಂದೊಂದನ್ನೇ ನನಗೆ ಹೇಳಿದಳು.

ಸಂಜೆ ಸೈಟಿಗೆ ಹೋದೆ. ಗಣೇಶ ದಾಯಿ ತನ್ನ ಸಾಮಾನಿನ ಚೀಲದಿಂದ ಒಂದು ತುಕ್ಕು ಹಿಡಿದ ರಿಂಗು ತೆಗೆದು ನನ್ನ ಕೈಗೆ ಕೊಟ್ಟ. ಚೌಕ ಹೋಗಿ ಬಾಯಿ ತೆರೆದುಕೊಂಡಿತ್ತು. ಕೊಕ್ಕೆ ನೇರ, ಥೇಟ್ ನನ್ನ ಕೈಯದೇ.

"ದೊಡ್ಡ ಭೂಕಂಪದಲ್ಲಿ ಬಿದ್ದ ಮನೆಯದು. ಮೊದಲು ಪಿಲ್ಲರಿನ ಮೇಲಿನ ಸಿಪ್ಪೆ ಉದುರುತ್ತೆ. ನೇರ ಕೊಕ್ಕೆ ಹಿಡ್ಕೊಂಡಿರೋದು ಆ ಸಿಪ್ಪೆಯನ್ನೇ. ಸಿಪ್ಪೆ ಹೋದ್ರೆ ಕೊಕ್ಕೆ ಬಿಚ್ಚುತ್ತೆ, ಉದ್ದ ಕಂಬಿ ಹೊರಕ್ಕೆ ಬಾಗುತ್ತೆ, ಮೇಲಿನ ಮನೆ ಕೂತ್ಕೊಳ್ಳುತ್ತೆ. ಓರೆ ಕೊಕ್ಕೆ ಒಳಗಿನ ಗಟ್ಟಿ ಕಾಂಕ್ರೀಟಿನಲ್ಲಿ ಕಚ್ಕೊಂಡಿರುತ್ತೆ. ಪಿಲ್ಲರು ಸೊಟ್ಟಗಾದ್ರೂ ನಿಂತಿರುತ್ತೆ, ಜನ ಹೊರಗೆ ಓಡೋವಷ್ಟು ಹೊತ್ತು."

"ಯಾರು ಬಗ್ಗಿಸಿದ್ದು ಇದನ್ನ?"

"ನಾನು. ನನ್ನ ಅಣ್ಣನ ಮನೆ."

ಅದನ್ನು ನನಗೆ ಕೊಡು, ನಮ್ಮ ಹುಡುಗರಿಗೆ ತೋರಿಸುತ್ತೇನೆ ಎಂದೆ. ಅವನು ವಾಪಸು ಚೀಲಕ್ಕೆ ಹಾಕಿಕೊಂಡ.

"ಇದು ನನ್ನದು. ನಿನ್ನದು ನಿನ್ನೂರಲ್ಲಿ ಇರುತ್ತೆ," ಎಂದ. ಬೆಳಿಗ್ಗೆ ಆರಕ್ಕೆ ಮನೆಗೆ ಟೀಗೆ ಬಾ ಎಂದೂ ಹೇಳಿದ.

ಆಗಲೇ ಮುರುಗೇಶನಿಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ. ಮಾಡಿದರೆ ಇಪ್ಪತ್ತೆಂಟು ವರ್ಷ ತಪ್ಪು ಮಾಡಿದೆ ಎಂದು ನನ್ನ ಕೈಕೆಳಗಿನವನ ಮುಂದೆ ಒಪ್ಪಿಕೊಳ್ಳಬೇಕು. ನಮ್ಮೂರಿನ ನೆಲ ಗಟ್ಟಿ, ಬಂಡೆಯ ಊರು, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಶುಕ್ರವಾರ, ಟೀ

ಗಣೇಶ ದಾಯಿಯ ಮನೆಯ ಜಗಲಿಯಲ್ಲಿ ಒಬ್ಬರು ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಒಂದು ಕಾಲು ಮಂಡಿಯಿಂದ ಕೆಳಗಿಲ್ಲ. ಅಣ್ಣ ಎಂದು ಪರಿಚಯ ಮಾಡಿಕೊಟ್ಟ. ಮನೆ ಬಿದ್ದ ಮೇಲೆ ಅಣ್ಣ ಇಲ್ಲಿಯೇ ಇದ್ದಾರೆ, ದಿನಾ ಎದುರುಬದುರು ಕೂತು ಉಣ್ಣುತ್ತಾರೆ.

ಅಣ್ಣ ನನಗೆ ಜಾಗ ಬಿಟ್ಟುಕೊಟ್ಟು ಕೇಳಿದರು, "ನೀವೂ ನನ್ನ ತಮ್ಮನ ಹಾಗೆ ಕಂಬಿ ಕೆಲಸದವರಂತೆ. ಈಗ ಯಾರ ಮನೆ ಕಟ್ಟುತ್ತಿದ್ದೀರಿ?"

"ಮಗಳದು," ಎಂದೆ.

"ಒಳ್ಳೇದು. ಮಗಳ ಮನೆ ಅಂದರೆ ಚೆನ್ನಾಗಿಯೇ ಕಟ್ಟಿರ್ತೀರಿ."

ಅವರು ಅದನ್ನು ಯಾವ ಕೊಂಕೂ ಇಲ್ಲದೆ ಹೇಳಿದರು. ಗಣೇಶ ದಾಯಿ ಲೋಟದೊಳಗೆ ನೋಡುತ್ತಿದ್ದ. ನಾನು ಲೋಟ ಕೆಳಗಿಟ್ಟು ಎದ್ದೆ. ಆ ಇಳಿಜಾರಿನ ಇಟ್ಟಿಗೆ ಬೀದಿಯಲ್ಲಿ ಓಡಿಬಂದೆ, ಲಾಡ್ಜಿನ ವೈಫೈ ಇಲ್ಲದೆ ನನ್ನ ಫೋನು ಕೆಲಸಕ್ಕೆ ಬಾರದ್ದು.

ವಾಚಿನಲ್ಲಿ ಏಳೂ ಇಪ್ಪತ್ತು. ಮುಗಿಯಿತು ಎಂದು ಮೆಟ್ಟಿಲ ಮೇಲೆ ಕೂತೆ.

"ಯಾಕಿಂಗೆ ಕೂತಿದ್ದೀರಿ?" ಎಂದಳು ಸರೋಜ. ಹೇಳಿದೆ. ಅವಳು ತನ್ನ ವಾಚು ನನ್ನ ಮುಖಕ್ಕೆ ಹಿಡಿದಳು. "ನಮ್ಮೂರಲ್ಲಿ ಇನ್ನೂ ಏಳೂ ಐದು. ಮಾಡಿ ಫೋನು."

ಮುರುಗೇಶ ಎತ್ತಲಿಲ್ಲ. ಕೆಲಸದ ಹೊತ್ತಿಗೆ ಅವನ ಫೋನು ಊಟದ ಚೀಲದಲ್ಲಿರುತ್ತದೆ, ಆ ಅಭ್ಯಾಸವನ್ನೂ ನಾನೇ ಕಲಿಸಿದ್ದು. ಲತಾಗೆ ಮಾಡಿದೆ. ಸೈಟಿನಿಂದ ಎರಡು ಬೀದಿ ಆಚೆ ಬಾಡಿಗೆ ಮನೆಯಲ್ಲಿದ್ದಾಳೆ, ಪೂಜೆ ಮುಗಿಸಿ ಮನೆಗೆ ಬಂದು ಏಳನೇ ಸಲಕ್ಕೆ ಎತ್ತಿದಳು, ಅಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು.

"ಕಾಂಕ್ರೀಟ್ ನಿಲ್ಸಮ್ಮಾ. ಓಡು."

"ಯಾಕಪ್ಪಾ, ಏನಾಯ್ತು?"

"ನಾನ್ ತಪ್ಪು ಕಟ್ಟಿದೀನಿ ಕಣಮ್ಮಾ."

ಫೋನು ಹಿಡಿದುಕೊಂಡೇ ಅವಳು ಓಡಿದ್ದು, ಲಾರಿಯ ಹಾರನ್ನು, ಆಮೇಲೆ ಮಿಕ್ಸರಿನ ಸದ್ದು ಎಲ್ಲ ಕೇಳಿಸಿತು. ಅವಳು ಕೂಗಿದಳು, ಸದ್ದು ನಿಂತಿತು. ಮುರುಗೇಶ ಫೋನಿಗೆ ಬಂದ.

"ಎನ್ನ ಅಣ್ಣೇ ಇದು? ಎರಡು ಪಿಲ್ಲರ್ ತುಂಬ್ಸಾಯ್ತು. ಜನ ಎಲ್ಲಾ ನಿಂತವ್ರೆ."

"ಮಿಕ್ಕಿದ್ದು ಮುಟ್ಬೇಡ. ಆ ಎರಡರ ಹಲಗೆ ಬಿಚ್ಚಿ ಹಸಿ ಕಾಂಕ್ರೀಟ್ ತೊಳ್ದುಬಿಡು ಕಣ್ಲಾ."

"ಪೂಜೆ ಮಾಡಿ ಹಾಕಿರೋದನ್ನ ಬಿಚ್ಚೋದಾ? ನನ್ ಕೈಲಾಗಲ್ಲ ಅಣ್ಣೇ. ಬೇಕಾದ್ರೆ ನೀನ್ ಬಂದು ಒಡ್ಕೋ."

"ಬತ್ತೀನಿ," ಎಂದೆ.

ಮುಕ್ತಿನಾಥ

ರಸ್ತೆ ತೆರೆಯಿತು, ಹೋದೆವು. ಅಲ್ಲಿ ನೂರೆಂಟು ಧಾರೆಗಳಾಗಿ ಹಿಮದ ನೀರು ಬೀಳುತ್ತದೆ. ಸರೋಜ ಪ್ರತಿಯೊಂದರ ಕೆಳಗೂ ತಲೆ ಕೊಟ್ಟಳು, ಹಲ್ಲು ಕಡಿಯುತ್ತಾ. ನಾನು ಹನ್ನೆರಡಕ್ಕೆ ನಿಲ್ಲಿಸಿದೆ. ಹನ್ನೆರಡರಲ್ಲಿ ಎರಡು ತುಂಬಿಬಿಟ್ಟವಲ್ಲ ಎಂಬುದೇ ತಲೆಯಲ್ಲಿತ್ತು.

"ದೇವ್ರ ಮುಂದೆ ನಿಂತಾಗ್ಲಾದ್ರೂ ಪಿಲ್ಲರ್ ಬಿಡಿ," ಎಂದಳು.

ಬಿಡಲು ಪ್ರಯತ್ನಿಸಿದೆ. ಆ ದೇವಸ್ಥಾನದ ಮರದ ತೊಲೆಗಳು ಒಂದಕ್ಕೊಂದು ಹೇಗೆ ಸಿಕ್ಕಿಕೊಂಡಿವೆ ಎಂದು ನೋಡುತ್ತಾ ಪ್ರದಕ್ಷಿಣೆ ಮುಗಿಸಿದೆ.

ಮತ್ತೆ ಜೂಜುವಾಡಿ

ಬಂದ ಮರುದಿನವೇ ಸುತ್ತಿಗೆ ತೆಗೆದುಕೊಂಡು ಹೋದೆ. ಇಂಜಿನಿಯರೂ ಬಂದ. ಮುರುಗೇಶ ಮಾತು ಬಿಟ್ಟಿದ್ದ, ಮರಳ ರಾಶಿಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದ. ನಾನು ಒಬ್ಬನೇ ಮೊದಲ ಪಿಲ್ಲರಿಗೆ ಹೊಡೆಯತೊಡಗಿದೆ. ಎರಡು ಬೆರಳು ಸಿಪ್ಪೆ ಉದುರಿದ್ದೇ ರಿಂಗು ಕಂಡಿತು.

"ಮುರುಗೇಶಾ, ಇಲ್ಲಿ ಬಾ. ಒಂದೇ ಸಲ ನೋಡು, ಆಮೇಲೆ ಬೈ."

ಬಂದ. ಕಬ್ಬಿಣದ ಕೋಲನ್ನು ಕೊಕ್ಕೆಗೆ ಸಿಕ್ಕಿಸಿ ಎಳೆದು ತೋರಿಸಿದೆ. ಅದು ಮೂಲೆ ಬಿಟ್ಟು ಕೈಗೆ ಬಂತು. ಅವನು ತಾನೇ ಕೋಲು ತೆಗೆದುಕೊಂಡು ಅದರ ಕೆಳಗಿನದನ್ನು ಎಳೆದ, ಅದೂ ಬಂತು. ಮೂರನೆಯದನ್ನು ಎಳೆಯಲಿಲ್ಲ.

"ಇಷ್ಟು ವರ್ಷ ಯಾರೂ ಹೇಳ್ಲಿಲ್ವೇ ಅಣ್ಣೇ."

"ಡ್ರಾಯಿಂಗ್‌ನಾಗೆ ಇತ್ತು ಕಣ್ಲಾ. ನಾವು ನಕ್ಕಿದ್ವಿ."

ಆಮೇಲೆ ಸುತ್ತಿಗೆ ಅವನೇ ತೆಗೆದುಕೊಂಡ. ಹನ್ನೆರಡೂ ಪಿಲ್ಲರಿನ ರಿಂಗು ಬಿಚ್ಚಿ ಹೊಸದಾಗಿ ಓರೆ ಬಗ್ಗಿಸಿದೆವು, ಬುಡದಲ್ಲೂ ತಲೆಯಲ್ಲೂ ಒತ್ತೊತ್ತಾಗಿ ಕೂರಿಸಿದೆವು. ಇಂಜಿನಿಯರು ಕೆಳಗಿನ ಎರಡು ಮೂಲೆಗೆ ಕಾಂಕ್ರೀಟು ಗೋಡೆ ಬರೆದುಕೊಟ್ಟ. ಒಂದು ಟೆಂಪೋಗೆ ಜಾಗ ಹೋಯಿತು, ಅಳಿಯ ಎರಡು ದಿನ ಮುಖ ಊದಿಸಿಕೊಂಡಿದ್ದ. ಲತಾ ಅವನಿಗೆ ಏನು ಹೇಳಿದಳೋ, ಮೂರನೇ ದಿನ ತಾನೇ ಬಂದು ರಿಂಗು ಎತ್ತಿಕೊಟ್ಟ.

ಬೇರಿಕೆ, ನಮ್ಮ ಮನೆ

ಎಲ್ಲ ಮುಗಿದ ಭಾನುವಾರ ಮಧ್ಯಾಹ್ನ ಸರೋಜ ಮುದ್ದೆ ಬಡಿಸಿದಳು. ನಾನು ತಿನ್ನುತ್ತಿದ್ದೆ.

"ಈ ಮನೇನೂ ನೀವೇ ಕಟ್ಟಿದ್ದಲ್ವಾ?" ಎಂದಳು.

"ಹೂಂ."

"ರಿಂಗು ಯಂಗೆ ಬಗ್ಸಿದ್ರಿ?"

ಕೈ ತಟ್ಟೆಯಲ್ಲೇ ನಿಂತಿತು. "ಎಲ್ಲಾರ್ಗೂ ಬಗ್ಸಿದಂಗೇ," ಎಂದೆ.

ಅವಳು ಊಟ ಮುಗಿಸಿ ಸ್ಟೂಲು ಎಳೆದುಕೊಂಡು ಮಂಚದ ಮೇಲಿನ ಅಟ್ಟಕ್ಕೆ ಕೈ ಹಾಕಿದಳು. ಹಿತ್ತಾಳೆ ಹಂಡೆ, ತಾಮ್ರದ ಕೊಡ, ಅವಳ ತಾಯಿ ಕೊಟ್ಟ ಕಬ್ಬಿಣದ ಬಾಣಲೆ, ಒಂದೊಂದೇ ಇಳಿಸಿ ನನ್ನ ಕೈಗೆ ಕೊಟ್ಟಳು. ನಾನು ನೆಲದ ಮೇಲೆ ಗೋಡೆಯ ಬದಿಗೆ ಜೋಡಿಸಿದೆ. ಅಟ್ಟ ಖಾಲಿಯಾಯಿತು.

"ನಾಳೆ ಇಂಜಿನಿಯರ್ನ ಇಲ್ಗೂ ಕರ್ಕೊಂಡ್ ಬನ್ನಿ. ಪಿಲ್ಲರ್ಗೇನಾದ್ರೂ ದಾರಿ ಐತಾ ಕೇಳಣ," ಎಂದಳು. ಆಮೇಲೆ ಕೇಳಿದಳು, "ತಲೆ ಮೇಲೆ ಇನ್ನೇನೈತೆ?"

ನಾನು ಮಾಳಿಗೆ ಹತ್ತಿದೆ. ಟ್ಯಾಂಕಿನ ಬುಡದ ತೂಬು ತುಕ್ಕು ಹಿಡಿದು ಬಿಗಿಯಾಗಿತ್ತು, ಕಾಲು ಕೊಟ್ಟು ತಿರುಗಿಸಿದೆ. ನೀರು ಪೈಪಿನಲ್ಲಿಳಿದು ಬೀದಿಗೆ ಹರಿಯಿತು. ಎದುರು ಮನೆಯ ಮುನಿಯಪ್ಪ ಕತ್ತೆತ್ತಿ ನೋಡಿದ. ಅವನ ಮನೆಯ ಕಂಬಿ ಕಟ್ಟಿದ್ದೂ ನಾನೇ.

"ಏನ್ ಮೇಸ್ತ್ರಿ, ಟ್ಯಾಂಕ್ ತೊಳೀತಿದ್ದೀಯಾ?"

"ಇಲ್ಲ ಕಣಪ್ಪಾ, ಇಳಿಸ್ತಾ ಇದ್ದೀನಿ," ಎಂದೆ. "ಇರು, ನಿನ್ ಮನೆ ಹತ್ರಾನೂ ಬತ್ತೀನಿ. ಒಂದ್ ಮಾತು ಹೇಳೋದೈತೆ."